ಒಂದೇ ದಿನದಲ್ಲಿ ಸಿಂಹಗಡ–ರಾಜಗಡ–ತೋರಣ: ಹೊರಡುವ ಮೊದಲಿನ ಲೆಕ್ಕಾಚಾರ

(ಪುಣೆಯ ಕನ್ನಡಿಗರ ಒಂದು ಚಾರಣ ಬಳಗದಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ನೆಲೆಸಿದವರಿಗೆ ಗುಡ್ಡ ಹತ್ತುವುದನ್ನು ಯಾರೂ ಕಲಿಸಬೇಕಾಗಿಲ್ಲ. ಬೆಳಗಾದರೆ ವೇತಾಳ ಟೇಕಡಿ, ತಳಜಾಯಿ, ಪರ್ವತಿ. ಭಾನುವಾರ ಸಿಂಹಗಡ, ಮೇಲೆ ಪಿಠಲೆ-ಭಾಕ್ರಿ, ಮಡಕೆ ಮೊಸರು. ಕಾತ್ರಜ್‌ನಿಂದ ಸಿಂಹಗಡದವರೆಗೆ ಬೆಳದಿಂಗಳಲ್ಲಿ ನಡೆದು ಬಂದವರೂ ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಅದನ್ನು ಮುಗಿಸಿದವರ ಬಾಯಲ್ಲಿ ಮುಂದೆ ಬರುವುದೇ ‘ಎಸ್‌ಆರ್‌ಟಿ’. ಮೂರು ಕೋಟೆಗಳ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳವು: ಸಿಂಹಗಡ ಹತ್ತಿ, ಇಳಿದು, ರಾಜಗಡ ಹತ್ತಿ, ಗುಡ್ಡಸಾಲಿನ ನೆತ್ತಿಯ ಏಣಿನ ಮೇಲೆ ನಡೆದು ತೋರಣ ಸೇರಿ, ಅದರ ಬುಡದ ಊರು ವೆಲ್ಹೆಗೆ ಇಳಿಯುವ ಹಾದಿ. ಎರಡು-ಮೂರು ದಿನ ಇಟ್ಟುಕೊಂಡು ಆರಾಮವಾಗಿ ನಡೆಯುವಂಥದ್ದು. ಇದನ್ನು ಒಂದೇ ದಿನದಲ್ಲಿ ಮುಗಿಸುತ್ತೇನೆ ಎನ್ನುವುದು ನಮಗೆ ನಾವೇ ಕಟ್ಟಿಕೊಳ್ಳುವ ಪಣ. ಅದಕ್ಕೆ ತೀರ್ಪುಗಾರರಿಲ್ಲ, ಹಾದಿಯಲ್ಲಿ ನೀರು ಹಿಡಿದು ನಿಂತವರೂ ಇಲ್ಲ. ಇವತ್ತಿನ ಮಾತೆಲ್ಲ ಈ ಒಂದು ಪಣದ ಸುತ್ತ.

ಈ ಹಾದಿಯಲ್ಲಿ ಜನ ಕೆಡುವುದು ಮೂರು ಕಡೆ. ಬುಡದ ಊರು ಗುಂಜವಣೆಯಿಂದ ರಾಜಗಡಕ್ಕೆ ಏರುವಾಗಿನ ನಡುಹಗಲ ಬಿಸಿಲು, ರಾಜಗಡದ ಸಂಜೀವನಿ ಮಾಚಿ (ಮಾಚಿ ಎಂದರೆ ಕೋಟೆಯ ಹರವಾದ ಚಾಚು) ದಾಟಿದ ಮೇಲೆ ನೀರು ಸಿಗದಿರುವುದು, ತೋರಣದಿಂದ ಕತ್ತಲಲ್ಲಿ ಇಳಿಯುವುದು. ಮೂರಕ್ಕೂ ಬೇರು ಒಂದೇ: ಹೊತ್ತು ಮೀರಿರುತ್ತದೆ. ಆದ್ದರಿಂದ ಬೂಟು, ಬ್ಯಾಗಿನ ಚರ್ಚೆಗೆ ಮೊದಲು ಗಡಿಯಾರದ ಲೆಕ್ಕ ಮಾಡೋಣ.

ಆರಿಸಿಕೊಂಡ ಕಾಲುದಾರಿಗೆ ತಕ್ಕಂತೆ ದೂರ 40ರಿಂದ 50 ಕಿ.ಮೀ. ನಡುವೆ ಬರುತ್ತದೆ. ಒಟ್ಟು ಏರು ಸುಮಾರು 2,000 ಮೀಟರ್. ಇಳಿತವೂ ಹೆಚ್ಚುಕಮ್ಮಿ ಅಷ್ಟೇ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹಾಕಿಕೊಟ್ಟ ಒಂದು ಸೂತ್ರ ಚಾರಣಿಗರಿಗೆ ಇವತ್ತಿಗೂ ಆಗಿಬರುತ್ತದೆ: ಗಂಟೆಗೆ 5 ಕಿ.ಮೀ., ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 45 ಕಿ.ಮೀ.ಗೆ 9 ಗಂಟೆ, 2,000 ಮೀಟರಿಗೆ 3 ಗಂಟೆ 20 ನಿಮಿಷ. ಕಡಿದಾದ ಇಳಿಜಾರಿಗೆ ಪ್ರತಿ 300 ಮೀಟರಿಗೆ 10 ನಿಮಿಷ ಕೂಡಿಸಿದರೆ ಇನ್ನೂ ಒಂದು ಗಂಟೆ. ಅಲ್ಲಿಗೆ ಹದಿಮೂರೂವರೆ ಗಂಟೆ ಬರೀ ನಡಿಗೆಗೇ ಹೋಯಿತು. ನೀರು ತುಂಬಿಸಿಕೊಳ್ಳುವುದು, ಊಟ, ಸಾಕ್ಸ್ ಬದಲಿಸುವುದು, ದಾರಿ ತಪ್ಪಿ ಮರಳುವುದು ಎಲ್ಲ ಸೇರಿ 3 ಗಂಟೆ ಹಿಡಿಯಿರಿ. ಒಟ್ಟು ಹದಿನಾರೂವರೆ. ‘ನಾನು ಚುರುಕಾಗಿ ನಡೀತೀನಿ, ಹನ್ನೆರಡರಲ್ಲಿ ಮುಗಿಸ್ತೀನಿ’ ಎನ್ನುವವರ ಲೆಕ್ಕದಲ್ಲಿ ಆ ಕೊನೆಯ ಮೂರು ಗಂಟೆ ಇರುವುದೇ ಇಲ್ಲ.

ಇದನ್ನು ಹಾದಿಯ ಮೇಲೆ ಹರಡಿದರೆ ಹೀಗಾಗುತ್ತದೆ. ಬೆಳಗಿನ ಜಾವ 4ಕ್ಕೆ ಆತಕರವಾಡಿ. ಅಲ್ಲಿಂದ ಸಿಂಹಗಡಕ್ಕೆ ಎರಡೂಮುಕ್ಕಾಲು ಕಿ.ಮೀ. ದಾರಿ, 600 ಮೀಟರ್ ಏರು. ಐದೂವರೆಗೆ ಮೇಲೆ. ಕಲ್ಯಾಣ ದರವಾಜಾದಿಂದ ಇಳಿಯಲು ಶುರು ಮಾಡುವಾಗ ಇನ್ನೂ ಕತ್ತಲೆ, ಟಾರ್ಚ್ ಬೇಕು. ವಿಂಝರ್ ಕಡೆಗೆ ಗುಡ್ಡದ ಏಣು ಹಿಡಿದು ಇಳಿದರೆ 9ರ ಸುಮಾರಿಗೆ ಡಾಂಬರು ರಸ್ತೆ. 11ಕ್ಕೆ ಗುಂಜವಣೆ. 1 ಗಂಟೆಗೆ ಚೋರ ದರವಾಜಾದ ಮೂಲಕ ಪದ್ಮಾವತಿ ಮಾಚಿ. ಎರಡೂವರೆಗೆ ಅಳೂ ದರವಾಜಾ ದಾಟಿ ಸಂಜೀವನಿ ಮಾಚಿಯಿಂದ ಹೊರಗೆ. ನಾಲ್ಕೂಕಾಲಿಗೆ ಏಣನ್ನು ಅಡ್ಡ ಹಾಯುವ ಭುತೋಂಡೆಯ ಡಾಂಬರು ರಸ್ತೆ. ಆರೂಕಾಲಿಗೆ ತೋರಣದ ಬುಧಲಾ ಮಾಚಿ. 7ಕ್ಕೆ ಮೆಂಗಾಈ ದೇವಿಯ ಗುಡಿ. ಬಿನಿ ದರವಾಜಾದಿಂದ ಇಳಿದು ಎಂಟೂವರೆ-ಒಂಬತ್ತಕ್ಕೆ ವೆಲ್ಹೆ. ಡಿಸೆಂಬರಿನಲ್ಲಿ ಇಲ್ಲಿ 6ರ ಸುಮಾರಿಗೇ ಸೂರ್ಯ ಮುಳುಗುತ್ತಾನೆ ಎಂಬುದನ್ನು ಈ ಪಟ್ಟಿಯ ಪಕ್ಕದಲ್ಲೇ ಬರೆದುಕೊಳ್ಳಿ.

ಇನ್ನು ಗಡುವುಗಳು. ಗುಂಜವಣೆ ಹನ್ನೊಂದೂವರೆ, ಸಂಜೀವನಿ ಮಾಚಿ ಎರಡೂವರೆ, ಭುತೋಂಡೆ ರಸ್ತೆ ನಾಲ್ಕೂವರೆ. ಮೂರರಲ್ಲಿ ಒಂದು ತಪ್ಪಿದರೂ ಅವತ್ತಿನ ಪಣ ಅಲ್ಲಿಗೇ ಮುಗಿಯಿತು. ಗುಂಜವಣೆಯಲ್ಲಿ ಬಿಡುವುದು ಸುಲಭ, ರಸ್ತೆ ಇದೆ. ರಾಜಗಡದ ಮೇಲೆ ಬಿಟ್ಟರೆ ಹತ್ತಿದ ದಾರಿಯಲ್ಲೇ ಇಳಿಯಬಹುದು, ಇಲ್ಲವೇ ಪಾಲಿ ದರವಾಜಾದ ಮೆಟ್ಟಿಲು ಹಿಡಿಯಬಹುದು. ದಣಿದ ಕಾಲಿಗೆ ಪಾಲಿಯೇ ಮೇಲು. ಡಾಂಬರು ರಸ್ತೆ ಕೊನೆಯ ಬಾಗಿಲು. ಅದನ್ನು ದಾಟಿ ತೋರಣದ ಏರಿಗೆ ಬಿದ್ದ ಮೇಲೆ ಮುಂದೆ ಹೋಗುವುದೂ ಹಿಂದೆ ಬರುವುದೂ ಒಂದೇ ಕಷ್ಟ. ಈ ಗಡುವುಗಳನ್ನು ಮನೆಯಲ್ಲೇ ಚೀಟಿಯಲ್ಲಿ ಬರೆದು, ಒಂದು ಪ್ರತಿಯನ್ನು ಮನೆಯವರ ಕೈಗೆ ಕೊಟ್ಟು ಹೊರಡಬೇಕು. ದಣಿದು, ಹಸಿದು, ಬಿಸಿಲಲ್ಲಿ ನಿಂತ ತಲೆ ‘ಇನ್ನು ಸ್ವಲ್ಪವೇ ಇದೆಯಲ್ಲ’ ಎಂದೇ ಹೇಳುತ್ತದೆ. ಅದರ ಮಾತು ಕೇಳುವ ಹೊತ್ತಲ್ಲ ಅದು.

ಪಣದಲ್ಲಿ ಏನೇನು ಸೇರಿದೆ ಎನ್ನುವುದೂ ಮೊದಲೇ ತೀರ್ಮಾನವಾಗಿರಲಿ. ರಾಜಗಡಕ್ಕೆ ಹೋಗಿ ಬಾಲೇಕಿಲ್ಲಾ, ಅಂದರೆ ನೆತ್ತಿಯ ಒಳಕೋಟೆ, ಹತ್ತದೆ ಬರುವುದು ಹೇಗೆ ಎಂದು ಅಲ್ಲಿ ನಿಂತಾಗ ಅನಿಸುತ್ತದೆ. ಹತ್ತಿ ಇಳಿದು, ಮೇಲೆ ನಾಲ್ಕು ಫೋಟೋ ತೆಗೆದರೆ ಒಂದು ಗಂಟೆ ಹೋಗುತ್ತದೆ. ಶಿವಾಜಿ ಮಹಾರಾಜರು ರಾಯಗಡಕ್ಕೆ ಹೋಗುವ ಮೊದಲು ರಾಜಧಾನಿಯಾಗಿದ್ದ ಜಾಗ, 2025ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಹನ್ನೆರಡು ಕೋಟೆಗಳಲ್ಲಿ ಒಂದು. ಅದನ್ನು ನೋಡಲೆಂದೇ ಇನ್ನೊಂದು ದಿನ ಬನ್ನಿ. ಸಂಜೀವನಿ ಮಾಚಿಯೂ ಮೋಸ ಮಾಡುತ್ತದೆ. ಅದು ಸುಮಾರು ಎರಡೂವರೆ ಕಿ.ಮೀ. ಉದ್ದ. ರಾಜಗಡ ಮುಟ್ಟಿದೆವು, ಇನ್ನೇನು ಹೊರಟೆವು ಎಂದುಕೊಂಡವರಿಗೆ ಕೋಟೆಯಿಂದ ಹೊರಬೀಳುವುದಕ್ಕೇ ಮುಕ್ಕಾಲು ಗಂಟೆ ಬೇಕು.

‘ರಾತ್ರಿ ಒಂಬತ್ತಕ್ಕೇ ಹೊಂಟರ ಬಿಸಲು ತಪ್ಪತದಲ್ರೀ?’ ಎಂದು ಒಬ್ಬರು ಕೇಳಿದರು. ತಪ್ಪುತ್ತದೆ, ಸುಳ್ಳಲ್ಲ. ಆದರೆ ನಿದ್ದೆಗೆಟ್ಟು ನಡೆಯುವವರಿಗೆ ಬೆಳಗಿನ ಜಾವ 2ರಿಂದ 5ರವರೆಗೆ ಮೈ ತೀರಾ ಮಂಕಾಗಿರುತ್ತದೆ. ಆ ಹೊತ್ತಿಗೆ ಗುರುತಿಲ್ಲದ ಕವಲುದಾರಿಗಳಲ್ಲಿ ಇರುತ್ತೀರಿ. ಅದೂ ಅಲ್ಲದೆ ಕೋಟೆಗಳ ಮೇಲೆ ರಾತ್ರಿ ಓಡಾಡುವ, ತಂಗುವ ಬಗ್ಗೆ ಅರಣ್ಯ ಇಲಾಖೆ ಮತ್ತು ಪುರಾತತ್ವ ಇಲಾಖೆಯ ನಿಯಮಗಳು ಆಗಾಗ ಬದಲಾಗುತ್ತವೆ. ಹೊರಡುವ ವಾರದಲ್ಲಿ ವಿಚಾರಿಸಿಯೇ ಹೊರಡಬೇಕು. ಬೆಳಗಿನ 4ಕ್ಕೂ ಇದೇ ಮಾತು. ನಮ್ಮ ಅಭಿಪ್ರಾಯ: ಡಿಸೆಂಬರ್-ಜನವರಿಯಲ್ಲಿ ಜಾವದಲ್ಲಿ ಹೊರಡಿ. ಮಾರ್ಚ್‌ನಿಂದ ಮೇವರೆಗೆ ಈ ಪಣದ ಗೊಡವೆಯೇ ಬೇಡ. ಕಪ್ಪು ಬಸಾಲ್ಟ್ ಬಂಡೆ ಕಾದರೆ ಮೇಲಿಂದ ಬಿಸಿಲು, ಕೆಳಗಿಂದ ಧಗೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಬಂಡೆ, ಮಂಜಿನಲ್ಲಿ ಕಾಣದ ದಾರಿ. ಅಕ್ಟೋಬರಿನ ಸೆಕೆಯನ್ನೂ ಹಗುರಾಗಿ ನೋಡಬೇಡಿ.

ನೀರಿನ ವಿಷಯಕ್ಕೆ ಬರೋಣ. ಒಬ್ಬೊಬ್ಬರ ಬೆವರು ಒಂದೊಂದು ತೆರ. ನಿಮ್ಮದೆಷ್ಟು ಎಂದು ತಿಳಿಯಲು ತಕ್ಕಡಿ ಸಾಕು. ಒಂದು ಬಿಸಿಲು ದಿನ, ಮೂತ್ರಕ್ಕೆ ಹೋಗಿ ಬಂದು, ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ. ಒಂದು ಗಂಟೆ ಗುಡ್ಡ ಹತ್ತಿ ಬನ್ನಿ. ಮೈ ಒರೆಸಿಕೊಂಡು ಮತ್ತೆ ತೂಗಿ. ಕಡಿಮೆಯಾದ ಪ್ರತಿ ಕಿಲೋಗೆ ಒಂದು ಲೀಟರ್, ಅದಕ್ಕೆ ನಡುವೆ ಕುಡಿದ ನೀರನ್ನು ಕೂಡಿಸಿ. ಅದು ನಿಮ್ಮ ಗಂಟೆಯ ಬೆವರು. ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೂ ಬರಬಹುದು. ಅದಷ್ಟನ್ನೂ ಕುಡಿದು ತುಂಬಿಸಬೇಕಾಗಿಲ್ಲ. ಮುಕ್ಕಾಲು ಭಾಗ ಕುಡಿದರೆ ದಿನ ನಡೆಯುತ್ತದೆ.

ಹೆಚ್ಚು ಕುಡಿದರೇನು ತಪ್ಪು ಎಂಬ ಪ್ರಶ್ನೆ ಬಂದೇ ಬರುತ್ತದೆ. ತಪ್ಪಿದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಟ ಮುಗಿಸಿದ 488 ಮಂದಿಯ ರಕ್ತ ಪರೀಕ್ಷೆ ಮಾಡಿದಾಗ ಶೇ. 13ರಷ್ಟು ಜನರಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, ಬೇಕಾದ್ದಕ್ಕಿಂತ ಕೆಳಗಿತ್ತು. ಓಟದ ನಡುವೆ ಮೈತೂಕ ಹೆಚ್ಚಿಸಿಕೊಂಡವರಿಗೆ, ಅಂದರೆ ಬೆವರಿದ್ದಕ್ಕಿಂತ ಜಾಸ್ತಿ ಕುಡಿದವರಿಗೆ, ಅಪಾಯ ಹೆಚ್ಚು. ತಲೆನೋವು, ಓಕರಿಕೆ, ಬೆರಳು ಊದಿ ಉಂಗುರ ಬಿಗಿಯಾಗುವುದು, ಆಮೇಲೆ ಮಾತು ತೊದಲುವುದು. ತಲೆನೋವು, ಓಕರಿಕೆ ನೀರು ಕಡಿಮೆಯಾದಾಗಲೂ ಬರುತ್ತವೆ. ಹಾಗಾಗಿ ಜೊತೆಯವರು ‘ಇನ್ನೂ ನೀರು ಕುಡಿ’ ಎಂದು ಒತ್ತಾಯಿಸಿ ಕೆಡಿಸುತ್ತಾರೆ. ಮೊದಲು ಕೇಳಬೇಕಾದ್ದು ಮೂರು: ಇದುವರೆಗೆ ಎಷ್ಟು ಕುಡಿದಿದ್ದೀರಿ, ಮೂತ್ರಕ್ಕೆ ಯಾವಾಗ ಹೋದಿರಿ, ಯಾವ ಬಣ್ಣ ಇತ್ತು? ಬಾಯಿ ಒಣಗಿ, ಮೂತ್ರ ಕಡು ಹಳದಿಯಾಗಿದ್ದರೆ ನೀರು ಸಾಲದು. ಐದಾರು ಲೀಟರ್ ಬರೀ ನೀರು ಇಳಿಸಿ, ಹೊಟ್ಟೆ ಉಬ್ಬಿ, ಬೆರಳು ದಪ್ಪವಾಗಿದ್ದರೆ ನೀರು ನಿಲ್ಲಿಸಿ ಉಪ್ಪಿನ ತಿಂಡಿ ಕೊಡಿ. ಮಾತು, ನಡೆಯಲ್ಲಿ ಗೊಂದಲ ಶುರುವಾಗಿದ್ದರೆ, ಕಾರಣ ಎರಡರಲ್ಲಿ ಯಾವುದೇ ಆಗಿರಲಿ, ಆಸ್ಪತ್ರೆಯೇ ಗತಿ.

ಉಪ್ಪಿಗೆ ಓಆರ್‌ಎಸ್ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರುತ್ತವೆ. ಪೊಟ್ಟಣದ ಹಿಂಬದಿಯಲ್ಲಿ ಈ ಅಂಕಿಗಳು ಇವೆಯೇ ನೋಡಿ ಕೊಳ್ಳಿ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಚಿಕ್ಕದು 200 ಮಿ.ಲೀ.ಗೆ. ದೊಡ್ಡದನ್ನು ಅರ್ಧ ಲೀಟರ್ ಬಾಟಲಿಗೆ ಸುರಿದು ಗಟ್ಟಿಯಾಗಿ ಕುಡಿದರೆ ಹೊಟ್ಟೆ ತೊಳೆಸುತ್ತದೆ, ಭೇದಿಯೂ ಆಗಬಹುದು. ಮನೆಯಲ್ಲೇ ಮಾಡಿಕೊಳ್ಳುವುದಾದರೆ ಲೀಟರಿಗೆ ಸಮತಟ್ಟಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎರಡು ಲೀಟರ್ ಸಾದಾ ನೀರಿಗೆ ಒಂದು ಲೀಟರ್ ಓಆರ್‌ಎಸ್ ಎಂಬ ಅಂದಾಜು ಇಟ್ಟುಕೊಳ್ಳಿ.

‘ಹಂಗಾದ್ರ ನಿಂಬು ಸರಬತ್ತು ಸಾಕಾಗೂದಿಲ್ಲೇನ್ರೀ?’ ಎಂದು ಹಿಂದಿನ ಸಾಲಿನಿಂದ ಅಕ್ಕ ಒಬ್ಬರು ಕೇಳಿದರು. ಸಕ್ಕರೆ ಸಿಗುತ್ತದೆ, ಉಪ್ಪು ಚಿಟಿಕೆಯಷ್ಟೇ. ಮಾರುವ ಮಾವಶಿಗೆ ಹೇಳಿ ಉಪ್ಪು ಹೆಚ್ಚು ಹಾಕಿಸಿಕೊಳ್ಳಿ. ಮಜ್ಜಿಗೆಗೂ ಅದೇ. ಆದರೆ ಈ ಅಂಗಡಿಗಳು ಶನಿವಾರ, ಭಾನುವಾರ ಇದ್ದಷ್ಟು ವಾರದ ನಡುವೆ ಇರುವುದಿಲ್ಲ. ಅವನ್ನು ನಂಬಿ ಬಾಟಲಿ ಖಾಲಿ ಇಟ್ಟುಕೊಂಡು ಹೊರಡಬಾರದು.

ನೀರು ತುಂಬಿಸುವ ಜಾಗಗಳು: ಸಿಂಹಗಡದ ಮೇಲೆ, ವಿಂಝರ್‌ನಲ್ಲಿ, ಗುಂಜವಣೆಯಲ್ಲಿ, ಪದ್ಮಾವತಿ ಮಾಚಿಯ ಟಾಕೆಯಲ್ಲಿ (ನೀರಿನ ತೊಟ್ಟಿಯಲ್ಲಿ). ಪದ್ಮಾವತಿಯಿಂದ ಹೊರಡುವಾಗ ಬೆನ್ನ ಮೇಲೆ 3 ಲೀಟರ್ ಇರಲೇಬೇಕು. ಮುಂದೆ ತೋರಣದವರೆಗೆ ನೆಚ್ಚಿಕೊಳ್ಳುವಂಥ ನೀರಿಲ್ಲ. ಮೂರು ಕಿಲೋ ಭಾರ ಎಂದು ಅಲ್ಲಿ ಅರ್ಧಕ್ಕೆ ತುಂಬಿಸಿದವರೇ ಬುಧಲಾ ಮಾಚಿಯ ಏರಿನಲ್ಲಿ ಕೂರುವುದು. ಟಾಕೆಯ ನೀರನ್ನು ಬಟ್ಟೆಯಲ್ಲಿ ಸೋಸಿ, ಕ್ಲೋರಿನ್ ಮಾತ್ರೆ ಹಾಕಿ, ಅರ್ಧ ಗಂಟೆ ಬಿಟ್ಟು ಕುಡಿಯಿರಿ.

ಊಟದ ವಿಷಯ ಸರಳ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್. ಒಂದು ಬಾಳೆಹಣ್ಣಿನಲ್ಲಿ 25 ಗ್ರಾಂ ಆಸುಪಾಸು, 20 ಗ್ರಾಂ ಬೆಲ್ಲದ ಉಂಡೆಯಲ್ಲಿ ಹತ್ತಿರ ಹತ್ತಿರ ಅಷ್ಟೂ ಸಕ್ಕರೆಯೇ, ಗ್ಲೂಕೋಸ್ ಬಿಸ್ಕತ್ತಿನ ತೂಕದಲ್ಲಿ ಮುಕ್ಕಾಲು ಭಾಗ. ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ, ಹಸಿವಾಗಲಿ ಎಂದು ಕಾಯಬೇಡಿ. ನಮ್ಮವರ ಬುತ್ತಿಯಲ್ಲಿ ಶೇಂಗಾ ಹೋಳಿಗೆ ಇದ್ದೇ ಇರುತ್ತದೆ. ರುಚಿಗೆ ಎದುರಿಲ್ಲ, ಆದರೆ ಶೇಂಗಾದ ಎಣ್ಣೆ ಜೀರ್ಣವಾಗಲು ಹೊತ್ತು ಹಿಡಿಯುತ್ತದೆ. ಬೆಳಗಿನ ಸಪಾಟು ದಾರಿಗೆ ಸರಿ, ರಾಜಗಡದ ಏರಿಗೆ ಮುಂಚೆ ಬೇಡ. ಅಲ್ಲಿಗೆ ಬಾಳೆಹಣ್ಣು, ಖರ್ಜೂರ, ಪೂರಣದ ಹೋಳಿಗೆ. ಕಡಕ್ ರೊಟ್ಟಿ ಬಾಯಿ ಒಣಗಿಸುತ್ತದೆ, ಚಟ್ನಿಪುಡಿ ನೀರಡಿಕೆ ಹೆಚ್ಚಿಸುತ್ತದೆ. ಗುಂಜವಣೆಯಲ್ಲಿ ತಟ್ಟೆ ತುಂಬ ಉಂಡು ಹೊರಟರೆ ಗಡದ ನಡುಮಧ್ಯದಲ್ಲಿ ಓಕರಿಕೆ ಖಂಡಿತ. ರಕ್ತವೆಲ್ಲ ಕಾಲಿಗೆ, ಚರ್ಮಕ್ಕೆ ಓಡಿರುವಾಗ ಹೊಟ್ಟೆಗೆ ಕೆಲಸ ಹೇಳಿದಂತೆ. ಹಾಗೇನಾದರೂ ಆದರೆ ನೆರಳಲ್ಲಿ ಹತ್ತು ನಿಮಿಷ ಕೂತು, ಕುತ್ತಿಗೆ ತೋಯಿಸಿಕೊಂಡು, ಗುಟುಕು ಗುಟುಕಾಗಿ ಕುಡಿದು, ನಡಿಗೆ ನಿಧಾನ ಮಾಡಿ.

ತಯಾರಿಯ ಬಗ್ಗೆ ಎಲ್ಲರೂ ಹತ್ತುವುದನ್ನೇ ಅಭ್ಯಾಸ ಮಾಡುತ್ತಾರೆ. ಹತ್ತುವಾಗ ಸೋಲುವುದು ಉಸಿರು, ಅದು ನಿಂತರೆ ಮರಳುತ್ತದೆ. ಇಳಿಯುವಾಗ ಸೋಲುವುದು ತೊಡೆಯ ಮುಂಭಾಗದ ಸ್ನಾಯು, ಅದು ಅವತ್ತು ಮರಳುವುದಿಲ್ಲ. ಇಳಿಯುವ ಪ್ರತಿ ಹೆಜ್ಜೆಗೂ ಆ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಎಳೆಗಳು ಸಣ್ಣಗೆ ಹರಿಯುತ್ತವೆ, ನೋವು ಮುಂದಿನ ಒಂದರಿಂದ ಮೂರು ದಿನಗಳಲ್ಲಿ ಏರುತ್ತದೆ. ಒಂದು ಅನುಕೂಲ ಇದೆ: ಒಮ್ಮೆ ಚೆನ್ನಾಗಿ ಇಳಿದು ನೋಯಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಹಾಗಾಗಿ ಪಣದ ದಿನಕ್ಕೆ ಮುಂಚಿನ ಹನ್ನೆರಡು ವಾರಗಳಲ್ಲಿ ಇಳಿತವನ್ನು ಲೆಕ್ಕ ಹಾಕಿ ಸೇರಿಸಬೇಕು. ಮೊದಲ ನಾಲ್ಕು ವಾರ ವಾರಕ್ಕೊಮ್ಮೆ ಸಿಂಹಗಡ, ಹತ್ತಿ ನಡೆದೇ ಇಳಿಯುವುದು, ಜೀಪ್ ಬೇಡ. ಮುಂದಿನ ನಾಲ್ಕು ವಾರ ಒಂದೇ ಬೆಳಗಿನಲ್ಲಿ ಎರಡು ಸಲ. ಒಂಬತ್ತನೆಯ ವಾರ ಕಾತ್ರಜ್-ಸಿಂಹಗಡ ಹಗಲಲ್ಲಿ, ಪೂರ್ತಿ ನೀರು ಹೊತ್ತು. ಹತ್ತನೆಯ ವಾರ ಸಿಂಹಗಡ ಮೂರು ಸಲ: 1,800 ಮೀಟರ್ ಏರು, ಎಸ್‌ಆರ್‌ಟಿಯ ಒಟ್ಟು ಏರಿಗೆ ಸಮೀಪ. ಇದರ ಇನ್ನೊಂದು ಗುಣವೆಂದರೆ ಯಾವಾಗ ಬೇಕಾದರೂ ಕೆಳಗೆ ಚಹಾ ಕುಡಿದು ಬಸ್ ಹತ್ತಬಹುದು. ಕೊನೆಯ ಎರಡು ವಾರ ಅರ್ಧಕ್ಕೆ ಇಳಿಸಿ. ಆ ಎರಡು ವಾರದಲ್ಲಿ ಭಯಕ್ಕೆ ಬಿದ್ದು ಮತ್ತೊಂದು ದೊಡ್ಡ ಚಾರಣ ಮಾಡಿ ಬರುವವರು ಇದ್ದೇ ಇರುತ್ತಾರೆ. ಅದರಿಂದ ಲಾಭವಿಲ್ಲ, ದಣಿವು ಮಾತ್ರ ಉಳಿಯುತ್ತದೆ.

ಪೋಲ್ (ನಡಿಗೆಯ ಊರುಗೋಲು) ಬಳಸುವವರು ಸಪಾಟಿನಲ್ಲಿ ಮೊಣಕೈ ನೇರ ಕೋನಕ್ಕೆ ಬರುವಷ್ಟು ಉದ್ದ ಇಟ್ಟುಕೊಂಡು, ಇಳಿಯುವಾಗ 5ರಿಂದ 10 ಸೆಂ.ಮೀ. ಹೆಚ್ಚಿಸಿ. ಸಂಜೀವನಿಯ ಕೆಳಗೆ, ತೋರಣದ ಹತ್ತಿರ ಕೈಕಾಲು ಊರಿ ದಾಟುವ ಬಂಡೆಗಳಲ್ಲಿ ಮಡಚಿ ಬ್ಯಾಗಿಗೆ ಸೇರಿಸಿ. ಮುರುಂ (ಸಡಿಲ ಗರಸು ಮಣ್ಣು) ಹರಡಿದ ಇಳಿಜಾರಿನಲ್ಲಿ ಹಿಂದಕ್ಕೆ ವಾಲಿ ಹಿಮ್ಮಡಿ ಊರುವವರೇ ಜಾರುವುದು. ಮೊಣಕಾಲು ಸ್ವಲ್ಪ ಬಗ್ಗಿಸಿ, ಹೆಜ್ಜೆ ಚಿಕ್ಕದು ಮಾಡಿ, ಪೂರ್ತಿ ಪಾದ ಊರಿ. ಚಳಿಗಾಲದ ಒಣಹುಲ್ಲು ಮುರುಮಿಗಿಂತ ಕೆಟ್ಟದ್ದು. ಅದರ ಮೇಲೆ ಬೇಡ, ಬುಡದಲ್ಲಿ ಕಾಲಿಡಿ.

ಪಾದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡೋಣ. ಬೊಬ್ಬೆಗೆ ಶಾಖ, ತೇವ, ಉಜ್ಜಾಟ ಮೂರೂ ಬೇಕು. ಬೂಟು ಅರ್ಧ ಅಳತೆ ದೊಡ್ಡದಿರಲಿ, ಮಧ್ಯಾಹ್ನದ ಹೊತ್ತಿಗೆ ಪಾದ ಊದುತ್ತದೆ. ಉಗುರು ಎರಡು ಮೂರು ದಿನ ಮುಂಚೆಯೇ ಕತ್ತರಿಸಿ. ಹತ್ತಿಯ ಸಾಕ್ಸ್ ಬೇಡ, ತೇವ ಹಿಡಿಯುತ್ತದೆ. ಹಿಮ್ಮಡಿಗೆ ಹಿಂದಿನ ರಾತ್ರಿಯೇ ಟೇಪ್ ಹಚ್ಚಬಹುದು: ಪಾದ ತೊಳೆದು ಪೂರ್ತಿ ಒಣಗಿಸಿ, ಸ್ಪಿರಿಟ್‌ನಿಂದ ಒರೆಸಿ ಆರಲು ಬಿಡಿ. ಅಂಟು ಗಟ್ಟಿಯಿರುವ ಜಿಂಕ್ ಆಕ್ಸೈಡ್ ಟೇಪಿನ ಒಂದು ಗೇಣು ತುಂಡು ಕತ್ತರಿಸಿ, ನಾಲ್ಕೂ ಮೂಲೆಗಳನ್ನು ದುಂಡಗೆ ಮಾಡಿ. ಚೌಕ ಮೂಲೆ ಇದ್ದರೆ ಸಾಕ್ಸ್ ಅಲ್ಲಿಂದಲೇ ಕೀಳುತ್ತದೆ. ಹಿಮ್ಮಡಿಯ ನಡುವಿಗೆ ಮೊದಲು ಒತ್ತಿ, ಎರಡೂ ಬದಿಗೆ ಎಳೆಯದೆ, ಸುಕ್ಕಿಲ್ಲದೆ ಅಂಟಿಸಿ. ಅಂಗೈಯ ಬಿಸಿಯಲ್ಲಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಒಂದೇ ಒಂದು ಸುಕ್ಕು ಉಳಿದರೂ ಅದೇ ಬೊಬ್ಬೆಯಾಗುತ್ತದೆ. ನಡೆಯುವಾಗ ಎಲ್ಲಾದರೂ ಚುರುಚುರು ಎಂದರೆ ಆ ಕ್ಷಣವೇ ನಿಲ್ಲಿ. ಮುಂದಿನ ಊರಿನಲ್ಲಿ ನೋಡೋಣ ಎಂದರೆ ಅಲ್ಲಿಗೆ ನೀರು ತುಂಬಿರುತ್ತದೆ. ಗುಂಜವಣೆಯಲ್ಲಿ ಸಾಕ್ಸ್ ಬದಲಿಸುವ ಐದು ನಿಮಿಷವನ್ನು ಉಳಿಸಲು ಹೋಗಬೇಡಿ. ದೊಡ್ಡ ಇಳಿತಗಳಿಗೆ ಮುಂಚೆ ಮೇಲಿನ ತೂತಿನವರೆಗೂ ಲೇಸ್ ಬಿಗಿದರೆ ಬೆರಳು ಬೂಟಿನ ಮೂತಿಗೆ ಬಡಿಯುವುದಿಲ್ಲ.

ಉಳಿದ ಸಾಮಾನು: ಹೆಡ್‌ಲ್ಯಾಂಪ್, ಅದಕ್ಕೆ ಹೆಚ್ಚುವರಿ ಸೆಲ್, 10,000 ಎಂಎಎಚ್ ಪವರ್ ಬ್ಯಾಂಕ್, ಫೋನಿನಲ್ಲಿ ಇಂಟರ್ನೆಟ್ ಇಲ್ಲದೆಯೂ ತೆರೆಯುವ ನಕ್ಷೆ, ವಿಸಿಲ್, ತೆಳು ಜಾಕೆಟ್. ಸುಗಂಧದ ಸ್ಪ್ರೇ ಹಾಕಬೇಡಿ, ಕೋಟೆಯ ಕೆಳಗೆ ಬೆಂಕಿ-ಹೊಗೆ ಮಾಡಬೇಡಿ. ಕಡಿದಾದ ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ದೂರ ಓಡುವುದೊಂದೇ ದಾರಿ. ಮಂಡಲದ ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದಂತೆ ಇಟ್ಟು, ಕಚ್ಚಿಸಿಕೊಂಡವರನ್ನು ಹೊತ್ತು ಇಳಿಸಬೇಕು. ಕರೆಗೆ 112, ಆಂಬುಲೆನ್ಸ್‌ಗೆ 108. ಏಣಿನ ಮೇಲೆ ಸಿಗ್ನಲ್ ಬಂದು ಹೋಗಿ ಮಾಡುತ್ತದೆ, ಹಾಗಾಗಿ ಒಬ್ಬರೇ ಹೋಗುವ ಪಣ ಬೇಡವೆಂದೇ ಹೇಳುತ್ತೇವೆ. ಮೂವರಿದ್ದರೆ ಒಬ್ಬರಿಗೆ ಪೆಟ್ಟಾದಾಗ ಒಬ್ಬರು ಜೊತೆಗಿರಬಹುದು, ಒಬ್ಬರು ಇಳಿದು ಸಹಾಯ ತರಬಹುದು.

ಕೊನೆಯಲ್ಲಿ ಬಂದ ಪ್ರಶ್ನೆ ನೋವಿನ ಮಾತ್ರೆಯದು: ಮೊಣಕಾಲು ಹಿಡಿದರೆ ಐಬುಪ್ರೊಫೆನ್ ನುಂಗಿ ಮುಂದೆ ಹೋಗಬಹುದೇ? ಬೇಡ. ನೀರು ಬತ್ತಿದ ಮೈಯಲ್ಲಿ, ಗಂಟೆಗಟ್ಟಲೆ ದುಡಿದ ಸ್ನಾಯುಗಳ ಕಸವನ್ನು ಸೋಸುತ್ತಿರುವ ಮೂತ್ರಪಿಂಡಕ್ಕೆ ಆ ಗುಂಪಿನ ಮಾತ್ರೆಗಳು ರಕ್ತದ ಹರಿವನ್ನು ಇನ್ನೂ ತಗ್ಗಿಸುತ್ತವೆ. ವೆಲ್ಹೆಗೆ ಇಳಿದ ಮೇಲೂ ಎರಡು ದಿನ ಮೂತ್ರದ ಬಣ್ಣ ನೋಡುತ್ತಿರಿ. ಕೋಲಾದಂತೆ ಕಂದು ಬಂದರೆ ಮಾಮೂಲಿ ಮೈಕೈ ನೋವಲ್ಲ, ಅವತ್ತೇ ಆಸ್ಪತ್ರೆಗೆ ಹೋಗಿ. ಇನ್ನು ವಾಪಸಾತಿ: ರಾತ್ರಿ 9ಕ್ಕೆ ವೆಲ್ಹೆಯಿಂದ ಸ್ವಾರಗೇಟ್‌ಗೆ ಬಸ್ ಸಿಗುತ್ತದೆ ಎಂದು ನೆಚ್ಚಬೇಡಿ. ಹದಿನಾರು ಗಂಟೆ ನಡೆದವರು ಕಾರನ್ನಾಗಲಿ ಬೈಕನ್ನಾಗಲಿ ಓಡಿಸಬಾರದು. ನಡೆಯದ ಒಬ್ಬರು ಗಾಡಿ ತಂದು ಕಾದಿರುವಂತೆ ಹಿಂದಿನ ದಿನವೇ ಗೊತ್ತುಮಾಡಿ, ಗಡುವಿನ ಚೀಟಿಯ ಇನ್ನೊಂದು ಪ್ರತಿಯನ್ನು ಅವರ ಕೈಗೂ ಕೊಡಿ. ಯಾವ ಗಡುವು ತಪ್ಪಿದರೆ ಗಾಡಿ ಗುಂಜವಣೆಗೋ, ಪಾಲಿಗೋ, ಭುತೋಂಡೆ ರಸ್ತೆಗೋ ಎನ್ನುವುದು ಅದರಲ್ಲೇ ಬರೆದಿರಲಿ.